ಓದುಗರ ಪ್ರಶ್ನೆ: ಗ್ರಾಫಿಕ್ಸ್ ಕಾರ್ಡ್ ಆರಿಸುವ ಮೊದಲು ಎಸ್‌ಎಂಪಿಎಸ್ ಚೀಟಿ ಓದಿ

ಪ್ರಶ್ನೆ: ಮೇಡಂ, ನಮಸ್ಕಾರ. ಎರಡು ವರ್ಷದ ಹಿಂದೆ ನಾನೇ ಕೂತು ಅಸೆಂಬಲ್ ಮಾಡಿದ ಕಂಪ್ಯೂಟರ್ ಇದೆ. ರೈಜೆನ್ 5 5600ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ರ್‍ಯಾಮ್, 450 ವಾಟ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ವಿದ್ಯುತ್ ಹಂಚುವ ಡಬ್ಬ), 24 ಇಂಚಿನ 1080ಪಿ ಮಾನಿಟರ್, 75 ಹರ್ಟ್ಜ್. ಇಷ್ಟು ದಿನ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡಿದೆ. ಈಗ ದೊಡ್ಡ ಕಥೆಯ ಗೇಮ್‌ಗಳನ್ನು ಆಡಬೇಕು, ಆಡಿದ್ದನ್ನು ರೆಕಾರ್ಡ್ ಮಾಡಿ ಗೆಳೆಯರಿಗೆ ತೋರಿಸಬೇಕು ಅಂತ ಆಸೆ. ಕೈಯಲ್ಲಿರುವ ದುಡ್ಡು ಕಡಿಮೆ. ಆರ್‌ಎಕ್ಸ್ 6500 ಎಕ್ಸ್‌ಟಿ, 6 ಜಿಬಿಯ ಆರ್‌ಟಿಎಕ್ಸ್ 3050, ಆರ್‌ಎಕ್ಸ್ 6600, ಇಂಟೆಲ್ ಆರ್ಕ್ ಬಿ580 – ಈ ನಾಲ್ಕು ಗ್ರಾಫಿಕ್ಸ್ ಕಾರ್ಡ್‌ಗಳ ನಡುವೆ ಒದ್ದಾಡುತ್ತಿದ್ದೇನೆ. ಗೆಳೆಯನೊಬ್ಬ ‘ಜಿಬಿ ಜಾಸ್ತಿ ಇರೋದನ್ನ ತಗೋ, ಸುಮ್ನೆ ತಲೆ ಕೆಡಿಸ್ಕೋಬೇಡ’ ಅನ್ನುತ್ತಾನೆ. ಏನು ಮಾಡಲಿ?
– ಹೆಸರು ಬೇಡವೆಂದ ಓದುಗ

ಉತ್ತರ: ಕಂಪ್ಯೂಟರಿನ ಒಂದೊಂದು ಭಾಗವನ್ನೂ ಬರೆದು ಕಳಿಸಿದ್ದೀರಿ, ತುಂಬ ಸಂತೋಷವಾಯಿತು. ಬಹಳ ಮಂದಿ ಕಾರ್ಡಿನ ಹೆಸರನ್ನಷ್ಟೇ ಬರೆದು ‘ಇದು ಚೆನ್ನಾಗಿದೆಯಾ?’ ಅಂತ ಕೇಳುತ್ತಾರೆ. ಅದು ಯಾವ ಮನೆಗೆ ಹೋಗಿ ಸೇರುತ್ತದೆ ಅಂತ ತಿಳಿಯದೆ ಏನು ಹೇಳಲಿ? ನಿಮಗಾದರೆ ನೇರವಾಗಿ ಹೇಳಬಲ್ಲೆ: ಆರ್‌ಎಕ್ಸ್ 6600 ತಗೊಳ್ಳಿ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಮಾತು.

ಮೊದಲು ನಿಮ್ಮ ಗೆಳೆಯನ ಸಲಹೆ. ಇದೇ ಮಾತು ನಂಬಿ ನಾನೂ ಒಂದು ಕಾಲದಲ್ಲಿ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 4 ಜಿಬಿ ಅಂತ ಬರೆದಿದ್ದ ಕಾರ್ಡ್ ತಂದಿದ್ದೆ. ಒಳಗಿದ್ದದ್ದು ನಿಧಾನದ ಡಿಡಿಆರ್3 ಮೆಮೊರಿ. ಗೆಳತಿಯ ಬಳಿ ಇದ್ದ 2 ಜಿಬಿಯ, ವೇಗದ ಜಿಡಿಡಿಆರ್5 ಮೆಮೊರಿಯ ಕಾರ್ಡ್ ಅದೇ ಗೇಮನ್ನು ನೀರು ಕುಡಿದಷ್ಟು ಸಲೀಸಾಗಿ ಓಡಿಸುತ್ತಿತ್ತು. ಮೆಮೊರಿ ಎಷ್ಟಿದೆ ಅನ್ನುವುದರ ಜೊತೆಗೆ ಅದು ಎಷ್ಟು ಬೇಗ ಕೈಗೆ ಸಿಗುತ್ತದೆ ಅನ್ನುವುದನ್ನೂ ನೋಡಬೇಕು. ಎನ್‌ವಿಡಿಯಾದ ಜಿಟಿ 1030 ಕಾರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಬಂದ ಜಿಡಿಡಿಆರ್5 ಕಾರ್ಡು ಸೆಕೆಂಡಿಗೆ 48 ಜಿಬಿ ಮಾಹಿತಿ ಸಾಗಿಸುತ್ತಿತ್ತು. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಕಾರ್ಡು ಬಂತು, ಅದರ ವೇಗ 17ರ ಆಸುಪಾಸು. ಎರಡರಲ್ಲೂ 2 ಜಿಬಿಯೇ, ಡಬ್ಬದ ಮೇಲಿನ ಹೆಸರೂ ಒಂದೇ.

ಈಗ ನಿಮ್ಮ ಪಟ್ಟಿ. 6500 ಎಕ್ಸ್‌ಟಿಯನ್ನು ಇವತ್ತೇ ಹೊಡೆದುಹಾಕಿ. ಅದಕ್ಕೆ ಇರುವುದು 4 ಜಿಬಿ, ಮದರ್‌ಬೋರ್ಡಿನ ಜೊತೆ ಮಾತಾಡಲು ನಾಲ್ಕೇ ಲೇನ್ (ಮಾಹಿತಿ ಸಾಗುವ ದಾರಿ). ಕಾರ್ಡ್ ಕೂರುವ ಸ್ಲಾಟ್ ಹೊಸ ತಲೆಮಾರಿನ ಪಿಸಿಐಇ 4.0 ಇರುವ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ನಿಮ್ಮ ಬಿ450 ಬೋರ್ಡು, 5600ಜಿ ಪ್ರೊಸೆಸರ್ ಎರಡೂ 3.0ರವು, ಆದ್ದರಿಂದ ಆ ಕಿರುದಾರಿ ಇನ್ನೂ ಅರ್ಧವಾಗಿ ಸೆಕೆಂಡಿಗೆ ಸುಮಾರು 4 ಜಿಬಿಗೆ ನಿಲ್ಲುತ್ತದೆ. ಕಾರ್ಡಿನ 4 ಜಿಬಿ ತುಂಬಿ, ಉಳಿದದ್ದನ್ನು ರ್‍ಯಾಮ್‌ನಿಂದ ತರಬೇಕಾದಾಗ ಗೇಮ್ ತಡವರಿಸುತ್ತದೆ. ಮೇಲಾಗಿ ವಿಡಿಯೊ ರೆಕಾರ್ಡ್ ಮಾಡಲು ಬೇಕಾದ ಎನ್‌ಕೋಡರ್ ಆ ಚಿಪ್‌ನಲ್ಲೇ ಇಲ್ಲ. ನಿಮ್ಮ ಆಸೆಗೆ ಅಲ್ಲೇ ಕಲ್ಲು ಬಿತ್ತು.

6 ಜಿಬಿಯ 3050 ಕೆಟ್ಟ ಕಾರ್ಡಲ್ಲ, ಅದರ ಜಾಗ ಬೇರೆ. ಅದು 70 ವಾಟ್ ಮಾತ್ರ ಎಳೆಯುತ್ತದೆ. ಸ್ಲಾಟ್ ಒಂದೇ 75 ವಾಟ್ ಕೊಡುವುದರಿಂದ ಬೇರೆ ಕೇಬಲ್ ಬೇಕಿಲ್ಲ. ಎಸ್‌ಎಂಪಿಎಸ್ ಬದಲಿಸಲು ಬಾರದ ಹಳೆಯ ಆಫೀಸ್ ಕಂಪ್ಯೂಟರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ 8 ಜಿಬಿಯ 3050ರ ತಮ್ಮ ಅಂದುಕೊಳ್ಳಬೇಡಿ. ಇದರಲ್ಲಿ ಮೆಮೊರಿ ಬಸ್ (ಚಿಪ್‌ನಿಂದ ಮೆಮೊರಿಗೆ ಹೋಗುವ ದಾರಿಯ ಅಗಲ) 128ರಿಂದ 96 ಬಿಟ್‌ಗೆ ಇಳಿದಿದೆ, ಕೋರ್‌ಗಳೂ ಕಡಿಮೆ. ಹೊಟ್ಟೆಗೆ ಹಾಕುವಷ್ಟು ವಿದ್ಯುತ್ ನಿಮ್ಮಲ್ಲಿರುವಾಗ ಈ ರಾಜಿ ಯಾಕೆ?

ಬಿ580 ವಿಷಯದಲ್ಲಿ ನನಗೂ ಮನಸ್ಸು ಎಳೆಯುತ್ತದೆ. 12 ಜಿಬಿ, 192 ಬಿಟ್ ಬಸ್, 2024ರ ಡಿಸೆಂಬರ್‌ನಲ್ಲಿ ಬಂದದ್ದು, ಶಕ್ತಿಯಲ್ಲಿ 6600ಕ್ಕಿಂತ ಎಷ್ಟೋ ಮುಂದು. ಆದರೆ ಅದರ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಪ್ರೊಸೆಸರ್ ಮೇಲೆ ಹೆಚ್ಚು ಭಾರ ಹೊರಿಸುತ್ತದೆ. ಹೊಸ ಪ್ರೊಸೆಸರ್‌ಗಳ ಜೊತೆ ಮಿಂಚುವ ಕಾರ್ಡು ರೈಜೆನ್ 5 5600 ಜೊತೆಗೇ ಕೆಲವು ಗೇಮ್‌ಗಳಲ್ಲಿ ಎದ್ದು ಕಾಣುವಷ್ಟು ಹಿಂದೆ ಬೀಳುತ್ತದೆ. ನಿಮ್ಮ 5600ಜಿಯಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರ ಅರ್ಧ. ಬೋರ್ಡಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ಬಳಸಲು ಬಿಡುವ ಸೌಲಭ್ಯ) ಆನ್ ಇರಲೇಬೇಕು, 190 ವಾಟ್ ಬೇರೆ ಬೇಕು. ಮುಂದೆ ಪ್ರೊಸೆಸರ್, ಬೋರ್ಡ್ ಎರಡನ್ನೂ ಬದಲಿಸುವ ದಿನ ಅದನ್ನು ನೆನೆಯಿರಿ.

ಉಳಿದದ್ದು 6600. 8 ಜಿಬಿ ಜಿಡಿಡಿಆರ್6, ಎಂಟು ಲೇನ್. ಪಿಸಿಐಇ 3.0ರಲ್ಲೂ ಅದಕ್ಕೆ ಹೆಚ್ಚು ನಷ್ಟವಿಲ್ಲ. ರೆಕಾರ್ಡಿಂಗ್‌ಗೆ ಎನ್‌ಕೋಡರ್ ಇದೆ. ನಿಮ್ಮ 1080ಪಿ ಮಾನಿಟರಿನಲ್ಲಿ ಇರುವುದು 20,73,600 ಚುಕ್ಕೆ. 1440ಪಿಯಲ್ಲಾದರೆ 36,86,400 ಆಗುತ್ತಿತ್ತು, ಆಗ ಬೇರೆ ಮಾತು. 75 ಹರ್ಟ್ಜ್ ಮಾನಿಟರ್ ಸೆಕೆಂಡಿಗೆ 75 ಚಿತ್ರಕ್ಕಿಂತ ಹೆಚ್ಚು ತೋರಿಸುವುದಿಲ್ಲ, ಗೇಮ್ ಒಳಗೇ ಫ್ರೇಮ್ ಮಿತಿಯನ್ನು 75ಕ್ಕೆ ಕಟ್ಟಿಬಿಡಿ. ಕಾರ್ಡ್ ತಣ್ಣಗಿರುತ್ತದೆ, ಫ್ಯಾನ್ ಕಿರುಚುವುದಿಲ್ಲ. ತೀರಾ ಹೊಸ ಗೇಮ್‌ಗಳಲ್ಲಿ ಟೆಕ್ಸ್‌ಚರ್ (ಮೇಲ್ಮೈಗಳ ಚಿತ್ರವಿವರ) ಒಂದು ಮೆಟ್ಟಿಲು ಇಳಿಸಬೇಕಾದೀತು. ಬೆಳಕು, ನೆರಳನ್ನು ನಿಜದಂತೆ ತೋರಿಸುವ ರೇ ಟ್ರೇಸಿಂಗ್‌ನ ಆಸೆಯನ್ನು ಈ ಕಾರ್ಡಿನ ಮೇಲೆ ಇಟ್ಟುಕೊಳ್ಳಬೇಡಿ.

3ಡಿ ಚಿತ್ರ ಮಾಡುವ ಬ್ಲೆಂಡರ್ ತಂತ್ರಾಂಶ ಕಲಿಯುವ ಯೋಚನೆ ಇದ್ದರೆ ಮಾತ್ರ 12 ಜಿಬಿಯ ಆರ್‌ಟಿಎಕ್ಸ್ 3060 ಹುಡುಕಿ. ಅದೇ ಹೆಸರಿನಲ್ಲಿ 8 ಜಿಬಿ, 128 ಬಿಟ್‌ನ ಇನ್ನೊಂದು ಇದೆ, ಅದು ಬೇಡ. 3060ಕ್ಕೆ ಎನ್‌ವಿಡಿಯಾ ಹೇಳುವುದು 550 ವಾಟ್ ಎಸ್‌ಎಂಪಿಎಸ್.

ಇಲ್ಲಿಗೆ ಬಂದೆವು ನೋಡಿ, ಎಸ್‌ಎಂಪಿಎಸ್‌ಗೆ. ನನ್ನ ತಮ್ಮನಿಗೆ ಮೊದಲ ಗೇಮಿಂಗ್ ಕಂಪ್ಯೂಟರ್ ಕಟ್ಟಿಕೊಟ್ಟವಳು ನಾನೇ. ಅವನು ವರ್ಷವಿಡೀ ಕೂಡಿಟ್ಟ ದುಡ್ಡು. ಕಾರ್ಡಿಗೆ ಹೆಚ್ಚು ಉಳಿಯಲಿ ಅಂತ ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ಸನ್ನೇ ಹಾಕಿದೆ. ಮೇಲೆ 500 ವಾಟ್ ಅಂತ ಬರೆದಿತ್ತು. ಮೂರನೆಯ ಸಂಜೆ, ಗೇಮ್ ಶುರುವಾಗಿ ಇಪ್ಪತ್ತು ನಿಮಿಷ ಆಗಿರಬಹುದು, ‘ಟಪ್’ ಅಂತ ಶಬ್ದ, ಸುಟ್ಟ ವಾಸನೆ. ಮದರ್‌ಬೋರ್ಡೂ ಜೊತೆಗೆ ಹೋಯಿತು. ತಮ್ಮ ಒಂದು ಮಾತೂ ಆಡಲಿಲ್ಲ, ಕೀಬೋರ್ಡನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟ. ಆ ರಾತ್ರಿ ಸುಟ್ಟ ಡಬ್ಬ ಬಿಚ್ಚಿ ಪಕ್ಕದ ಚೀಟಿಯನ್ನು ಮೊದಲ ಸಲ ಪೂರ್ತಿ ಓದಿದೆ. +12 ವೋಲ್ಟ್ ಸಾಲಿನಲ್ಲಿ 16 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್. ಹನ್ನೆರಡು ಹದಿನಾರಲೆ 192. ಕಾರ್ಡೂ ಪ್ರೊಸೆಸರೂ ಕುಡಿಯುವುದು ಆ ಸಾಲಿನಿಂದ. ಅವೆರಡಕ್ಕೂ ಸೇರಿ 192 ವಾಟ್ ಇಟ್ಟು, ಹೊರಗೆ 500 ಅಂತ ಬರೆದಿದ್ದರು. ಅಂದಿನಿಂದ ಯಾರಿಗೇ ಕಾರ್ಡ್ ಹೇಳುವ ಮೊದಲೂ ಆ ಚೀಟಿಯ ಫೋಟೊ ಕೇಳುತ್ತೇನೆ.

ನೀವೂ ಇವತ್ತೇ ಕ್ಯಾಬಿನೆಟ್ ತೆರೆದು ಆ ಸಾಲು ಓದಿ. 36 ಆಂಪಿಯರ್ ಅಂತ ಇದ್ದರೆ 432 ವಾಟ್, 450ರ ಡಬ್ಬಕ್ಕೆ ಅದು ಪ್ರಾಮಾಣಿಕ ಲೆಕ್ಕ. 6600ಕ್ಕೆ 132, ನಿಮ್ಮ ಪ್ರೊಸೆಸರ್ ಜೋರಾಗಿ ದುಡಿದಾಗ ಸುಮಾರು 88, ಉಳಿದದ್ದಕ್ಕೆ 50 ಇಟ್ಟುಕೊಳ್ಳಿ. 270 ಆಯಿತು. ಕಾರ್ಡುಗಳು ಕ್ಷಣಮಾತ್ರ ಹೆಚ್ಚು ಎಳೆಯುವುದುಂಟು, ಅದಕ್ಕೂ ಜಾಗ ಉಳಿದಿದೆ. ಎಎಂಡಿ ಕೂಡ ಈ ಕಾರ್ಡಿಗೆ 450 ವಾಟ್ ಸಾಕು ಅನ್ನುತ್ತದೆ. ಚೀಟಿಯಲ್ಲಿ 20 ಆಂಪಿಯರ್ ಮಾತ್ರ ಕಂಡರೆ ದಯವಿಟ್ಟು ಕಾರ್ಡನ್ನು ಎರಡು ತಿಂಗಳು ಮುಂದೂಡಿ, ಮೊದಲು ಒಳ್ಳೆಯ ಎಸ್‌ಎಂಪಿಎಸ್ ತನ್ನಿ.

ಕೇಬಲ್ ವಿಷಯದಲ್ಲೂ ಎಚ್ಚರ. ಕಾರ್ಡಿಗೆ ಬೇಕಾದದ್ದು 6+2 ಪಿನ್‌ನದು. ಪ್ರೊಸೆಸರಿಗೆ ಹೋಗುವ 4+4 ಕೂಡ ಎಂಟು ಪಿನ್ನೇ, ಆದರೆ ವೈರ್‌ಗಳ ಜೋಡಣೆ ತಿರುಗುಮುರುಗು. ಕೂರದಿದ್ದರೆ ಒತ್ತಬೇಡಿ. ಕ್ಯಾಬಿನೆಟ್ ಒಳಗೆ ಸ್ಲಾಟಿನ ಹಿಂಬದಿಯಿಂದ ಮುಂದಿನ ಫ್ಯಾನ್‌ವರೆಗೆ ಟೇಪು ಹಿಡಿದು ಅಳೆಯಿರಿ, ಕಾರ್ಡಿನ ಉದ್ದಕ್ಕೆ ಹೋಲಿಸಿ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹೆದರಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಡಿಜಿಟಲ್ ಹಣದ ಜಾಲ ತನ್ನ ಪದ್ಧತಿ ಬದಲಿಸಿ ಕಾರ್ಡುಗಳಿಂದ ಮೈನಿಂಗ್ (ಲೆಕ್ಕ ಬಿಡಿಸಿ ಆ ಹಣ ಗಳಿಸುವುದು) ಮಾಡುವುದನ್ನು ನಿಲ್ಲಿಸಿತು, ಆಮೇಲೆ ಹಳೆಯ ಕಾರ್ಡುಗಳು ಹೊರಬಂದವು. ಮೈನಿಂಗ್ ಮಾಡಿದ ಕಾರ್ಡೆಲ್ಲ ಕೆಟ್ಟದ್ದಲ್ಲ, ಸೊರಗುವುದು ಹೆಚ್ಚಾಗಿ ಫ್ಯಾನು, ಥರ್ಮಲ್ ಪ್ಯಾಡು. ಮಾರುವವರ ಎದುರಿಗೇ ಅರ್ಧ ಗಂಟೆ ಭಾರೀ ಗೇಮ್ ಓಡಿಸಿ. ಪರದೆಯಲ್ಲಿ ಬಣ್ಣದ ಚೌಕಗಳು ಚಿಮ್ಮಿದರೆ, ಫ್ಯಾನ್ ಗರಗರ ಅಂದರೆ ಎದ್ದು ಬನ್ನಿ. ಜಿಪಿಯು-ಝಡ್ ಅನ್ನುವ ಚಿಕ್ಕ ತಂತ್ರಾಂಶದಲ್ಲಿ ಹೆಸರು, ಮೆಮೊರಿ ಬಗೆ, ಬಸ್ ಅಗಲ ತಾಳೆ ನೋಡಿ. ಹಳೆಯ ಚಿಪ್‌ಗೆ ಕಾರ್ಡಿನೊಳಗಿನ ಬಯಾಸ್ ತಿದ್ದಿ ಹೊಸ ಹೆಸರು ಕಟ್ಟಿದ ಕಾರ್ಡುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ಹೊಸ ಕಾರ್ಡ್ ಹಾಕಿದೆ, ಡ್ರೈವರ್ ಹಾಕಿದೆ, ಫ್ಯಾನ್ ತಿರುಗುತ್ತದೆ. ಗೇಮ್ ಮಾತ್ರ ಮೊದಲಿನಷ್ಟೇ ನಿಧಾನ. ಮೋಸ ಹೋದೆನಾ? ಮಾನಿಟರ್ 144 ಹರ್ಟ್ಜ್.
– ಬೇಸರಗೊಂಡ ಓದುಗಿ

ಉತ್ತರ: ಕಂಪ್ಯೂಟರಿನ ಹಿಂಬದಿ ನೋಡಿ. ಮಾನಿಟರಿನ ಕೇಬಲ್ ಇನ್ನೂ ಮದರ್‌ಬೋರ್ಡಿನ ತೂತಿನಲ್ಲೇ ಇದೆ ಅಂತ ನನ್ನ ಊಹೆ. ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇದ್ದರೆ ಚಿತ್ರ ಬರುತ್ತಲೇ ಇರುತ್ತದೆ, ಅದಕ್ಕೇ ಅನುಮಾನ ಬರುವುದಿಲ್ಲ. ಅದನ್ನು ಕಿತ್ತು ಕೆಳಗೆ ಅಡ್ಡಲಾಗಿರುವ ಕಾರ್ಡಿನ ತೂತಿಗೆ ಹಾಕಿ, ಡಿಸ್‌ಪ್ಲೇ ಪೋರ್ಟ್ ಇದ್ದರೆ ಅದಕ್ಕೇ. ಆಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ 144 ಆರಿಸಿ, ಎಷ್ಟೋ ಸಲ ಅದು 60ರಲ್ಲೇ ಕೂತಿರುತ್ತದೆ. ಇಷ್ಟಾದರೂ ನಿಧಾನವೇ ಇದ್ದರೆ ನಿಮ್ಮ ಎಸ್‌ಎಂಪಿಎಸ್ ಚೀಟಿಯ ಫೋಟೊ ಸಮೇತ ಇನ್ನೊಂದು ಸಲ ಬರೆಯಿರಿ.