ಅರ್ತ್‌ಸೀ ಮುಗಿಯಿತು, ಇನ್ನು ಯಾವುದು?

ಪ್ರಶ್ನೆ: ಅರ್ಸುಲಾ ಕೆ. ಲ ಗ್ವಿನ್ ಅವರ ಅರ್ತ್‌ಸೀ ಸರಣಿ ಓದಿ ಮುಗಿಸಿದೆ. ಅಷ್ಟಾಗಿ ಹೆಸರಾಗದ ಅವರ ಬೇರೆ ಕಾದಂಬರಿಗಳಲ್ಲೂ ಇದೇ ರುಚಿ ಇದೆಯೇ? ಯಾವುದರಿಂದ ಶುರು ಮಾಡಲಿ?

ಉತ್ತರ: ಇದೇ ರುಚಿ ಹುಡುಕಿ ಹೊರಟರೆ ನಿರಾಸೆಯಾಗುತ್ತದೆ. ಅರ್ತ್‌ಸೀಯಲ್ಲಿದ್ದಂತೆ ಡ್ರ್ಯಾಗನ್ ಬರುತ್ತದೆಂದು 'ಮಲಫ್ರೇನಾ' (1979) ಹಿಡಿದರೆ ಕೊನೆಯ ಪುಟದವರೆಗೂ ಕಾಯಬೇಕು, ಬರುವುದಿಲ್ಲ. ಅದರಲ್ಲಿ ಒರ್ಸಿನಿಯಾ ಎಂಬ ದೇಶ ಮಾತ್ರ ಕಲ್ಪಿತ. ಉಳಿದದ್ದು 1820ರ ದಶಕದ ಮಧ್ಯ ಯುರೋಪಿನ ರಾಜಕೀಯ, ಮನೆತನ, ಜಮೀನು. ಸದ್ಯಕ್ಕೆ ಬದಿಗಿಡಿ.

ಮೊದಲು 'ದಿ ಲೇದ್ ಆಫ್ ಹೆವನ್' (1971) ಓದಿ. ತೆಳ್ಳಗಿನ ಪುಸ್ತಕ. ಜಾರ್ಜ್ ಆರ್ ಎಂಬವನ ಕೆಲವು ಕನಸುಗಳು ಅವನು ಏಳುವಷ್ಟರಲ್ಲಿ ನಿಜವಾಗಿರುತ್ತವೆ. ಮೊದಲಿಂದಲೂ ಹಾಗೇ ಇತ್ತೆಂದು ಲೋಕವೂ ನಂಬಿರುತ್ತದೆ. ಮನೋವೈದ್ಯ ಹೇಬರ್ ಆ ಕನಸುಗಳಿಂದಲೇ ಜಗತ್ತನ್ನು ತಿದ್ದಲು ನೋಡುತ್ತಾನೆ. ವರ್ಣಭೇದ ತೊಲಗಲಿ ಎಂದರೆ ಎಲ್ಲರ ಮೈಬಣ್ಣವೂ ಬೂದು! ಊರು, ಹವೆ, ಪಾತ್ರಗಳ ಹಿನ್ನೆಲೆ ಮತ್ತೆ ಮತ್ತೆ ಬದಲಾಗುವುದರಿಂದ ವಾರಗಟ್ಟಲೆ ಎಳೆದರೆ ತಲೆ ಕೆಡುತ್ತದೆ. ಎರಡು-ಮೂರು ದಿನದಲ್ಲಿ ಮುಗಿಸಿಬಿಡಿ.

ಆಮೇಲೆ 'ಲವಿನಿಯಾ' (2008). ಪ್ರಾಚೀನ ರೋಮನ್ ಕವಿ ವರ್ಜಿಲನ 'ಈನಿಯಡ್' ಕಾವ್ಯದಲ್ಲಿ ನಾಯಕ ಈನಿಯಸ್‌ನ ಕೈಹಿಡಿಯಬೇಕಾದ ಈ ರಾಜಕುಮಾರಿ ತುಟಿಬಿಚ್ಚುವುದೇ ಇಲ್ಲ. ನಮ್ಮ ಊರ್ಮಿಳೆಯ ನೆನಪಾದರೆ ತಪ್ಪಲ್ಲ. ಇಲ್ಲಿ ಕಥೆ ಹೇಳುವವಳೇ ಅವಳು. ತನ್ನನ್ನು ಬರೆದ ಕವಿಯ ಛಾಯೆಯೊಡನೆ ಮಾತಿಗೂ ಕೂರುತ್ತಾಳೆ. ಕಾವ್ಯ ಓದಿರಲೇಬೇಕೆಂದಿಲ್ಲ. ಅದರ ಹನ್ನೆರಡು ಕಾಂಡಗಳಲ್ಲಿ ಕೊನೆಯ ಆರರ ಕಥಾಸಾರ ಗೊತ್ತಿದ್ದರೆ ಸಾಕು. ಕಾವ್ಯ ನಿಂತಲ್ಲಿಗೆ ಕಾದಂಬರಿ ನಿಲ್ಲುವುದಿಲ್ಲ, ಅವಳ ಸಂಸಾರದೊಳಕ್ಕೆ ಸಾಗುತ್ತದೆ. ನನ್ನ ಮಟ್ಟಿಗೆ ಇದೇ ಅವರ ಅತ್ಯುತ್ತಮ ಕೃತಿ.

ಪ್ರಶ್ನೆ: 'ಆಲ್ವೇಸ್ ಕಮಿಂಗ್ ಹೋಮ್' ಎರಡು ಸಲ ಹಿಡಿದು ಎರಡು ಸಲವೂ ಬಿಟ್ಟೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಕಾದಂಬರಿಯೆಂದುಕೊಂಡು ಮೊದಲ ಪುಟದಿಂದ ಸಾಲಾಗಿ ಓದುತ್ತಿರಬೇಕು. 1985ರ ಈ ಪುಸ್ತಕ, ದೂರದ ಭವಿಷ್ಯದಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಬಾಳುವ ಕೆಶ್ ಎಂಬ ಜನರ ಬಗ್ಗೆ ಮಾನವಶಾಸ್ತ್ರಜ್ಞರು ಕಲೆಹಾಕಿದ ಕಡತದಂತಿದೆ: ಪದ್ಯ, ನಾಟಕ, ನಕ್ಷೆ, ಅಡುಗೆ ವಿಧಾನ, ಪದಕೋಶ. (ಲೇಖಕಿಯ ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞ.) ಆರಂಭದಲ್ಲಿ ಇದರ ಜೊತೆ ಹಾಡುಗಳ ಕ್ಯಾಸೆಟ್ಟನ್ನೂ ಕೊಡುತ್ತಿದ್ದರು. ಸ್ಟೋನ್ ಟೆಲ್ಲಿಂಗ್ ಎಂಬ ಹೆಂಗಸಿನ ಆತ್ಮಕಥೆ ಮೂರು ತುಂಡಾಗಿ ನಡುನಡುವೆ ಹಂಚಿಹೋಗಿದೆ. ಪರಿವಿಡಿ ನೋಡಿ ಆ ಮೂರನ್ನೇ ಮೊದಲು ಒಟ್ಟಿಗೆ ಓದಿ. ಅವಳ ಊರಿನ ಗುರುತು ಹತ್ತಿದ ಮೇಲೆ ಉಳಿದದ್ದನ್ನು ಎಲ್ಲಿಂದ ಬೇಕಾದರೂ ತೆರೆಯಬಹುದು.

ಪ್ರಶ್ನೆ: ಹದಿಹರೆಯದವರಿಗೆ ಯಾವುದು ಕೊಡಲಿ?

ಉತ್ತರ: 'ಗಿಫ್ಟ್ಸ್' (2004), 'ವಾಯ್ಸಸ್' (2006), 'ಪವರ್ಸ್' (2007), ಇದೇ ಕ್ರಮದಲ್ಲಿ. ಒಂದೊಂದಕ್ಕೂ ಬೇರೆ ನಾಯಕರಿದ್ದರೂ, ಮೊದಲನೆಯದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೆಳೆಯುವ ಹುಡುಗ ಒರೆಕ್ ಮುಂದಿನ ಎರಡರಲ್ಲಿ ಕವಿಯಾಗಿ ಬರುತ್ತಾನೆ. ಹಿಂದುಮುಂದಾಗಿ ಓದಿದರೆ ಆ ಬಟ್ಟೆಯ ಗುಟ್ಟು ಮೊದಲೇ ರಟ್ಟಾಗುತ್ತದೆ.