ಕಾಲೇಜಿನ ರೋಬೊಟಿಕ್ಸ್ ತಂಡಕ್ಕೆ ಜಾಲತಾಣ: ವರ್ಡ್‌ಪ್ರೆಸ್ ಸಾಕೇ, ನಾವೇ ಕಟ್ಟಬೇಕೇ?

ಚಿತ್ರದುರ್ಗದ ನಿಮ್ಮ ಎಂಜಿನಿಯರಿಂಗ್ ಕಾಲೇಜಿನ ತಂಡಕ್ಕೆ ಜಾಲತಾಣ ಬೇಕು, ಕೈಯಲ್ಲಿ ಹೆಚ್ಚು ದುಡ್ಡಿಲ್ಲ, ಸೀನಿಯರ್‌ಗಳು ಹೋದ ಮೇಲೆ ನೋಡಿಕೊಳ್ಳುವವರು ಯಾರು ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಓದುವಾಗ ನಮ್ಮ ತಂಡದ ಜಾಲತಾಣ ನನ್ನ ಪಾಲಿಗೆ ಬಂದಿತ್ತು. ನಿಮ್ಮ ಕೊನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ; ಉಳಿದದ್ದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ.

ಜಾಲತಾಣ ಕಟ್ಟಿ ನಡೆಸುವ ಸಿದ್ಧ ತಂತ್ರಾಂಶವಾದ ವರ್ಡ್‌ಪ್ರೆಸ್ ಕೆಟ್ಟದ್ದಲ್ಲ, ಆದರೆ ನಿಮಗೆ ಬೇಡ. ಅದಕ್ಕೆ ಡೇಟಾಬೇಸ್ ಬೇಕು, ಪ್ಲಗಿನ್‌ಗಳನ್ನು, ಅಂದರೆ ಹೆಚ್ಚಿನ ಸೌಲಭ್ಯಕ್ಕೆಂದು ಸೇರಿಸುವ ಪುಟ್ಟ ತಂತ್ರಾಂಶಗಳನ್ನು, ಆಗಾಗ ಅಪ್‌ಡೇಟ್ ಮಾಡಬೇಕು. ಸೆಮಿಸ್ಟರ್ ಪರೀಕ್ಷೆ ಹತ್ತಿರವಾದಾಗ ಆ ಕಡೆ ಯಾರೂ ತಲೆ ಹಾಕುವುದಿಲ್ಲ, ಹಳತಾದ ಪ್ಲಗಿನ್‌ನಿಂದಲೇ ಕಿಡಿಗೇಡಿಗಳು ಒಳನುಗ್ಗುತ್ತಾರೆ. ಬರೀ ಎಚ್‌ಟಿಎಂಎಲ್ ಪುಟಗಳಿರುವ ಜಾಲತಾಣಕ್ಕೆ ಈ ಕಾಟವಿಲ್ಲ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ‘ಪೇಜಸ್’ ಸೇವೆಯಲ್ಲಿ ಅದನ್ನು ಉಚಿತವಾಗಿ ಇಡಬಹುದು. ಮಿತಿ 1 ಜಿಬಿ, ನಿಮಗೆ ಧಾರಾಳ. ಪುಟ ಕಟ್ಟುವ ತಂತ್ರಾಂಶವಾದ ಜೆಕಿಲ್ ಬಳಸಿದರೆ ಹೊಸ ಬರಹವನ್ನು ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಪಠ್ಯ) ಕಡತವಾಗಿ ಸೇರಿಸಿದರಾಯಿತು, ಪುಟವನ್ನು ಅದೇ ಕಟ್ಟಿಕೊಳ್ಳುತ್ತದೆ. ವಿಡಿಯೊಗಳನ್ನು ಯೂಟ್ಯೂಬ್‌ಗೆ ಹಾಕಿ, ಇಲ್ಲಿ ಕೊಂಡಿ ಕೊಡಿ. ಮೊಬೈಲ್‌ನಲ್ಲಿ ತೆಗೆದ ಫೋಟೊಗಳನ್ನು ಕುಗ್ಗಿಸದೆ ಏರಿಸಬೇಡಿ.

ಈಗ ಒಡೆತನದ ವಿಷಯ. ನಾನು ಸೇರುವ ಮೊದಲು ನಮ್ಮ ತಂಡಕ್ಕೆ ಇನ್ನೊಂದು ಜಾಲತಾಣವಿತ್ತು. ಅದರ ಡೊಮೇನ್, ಅಂದರೆ ಜಾಲತಾಣದ ವಿಳಾಸದ ಹೆಸರು, ಒಬ್ಬ ಹಳೆಯ ವಿದ್ಯಾರ್ಥಿಯ ಖಾಸಗಿ ಇಮೇಲ್‌ನಲ್ಲಿ ನೋಂದಣಿಯಾಗಿತ್ತು. ಅವರು ಕೆಲಸಕ್ಕೆ ಸೇರಿ ಊರು ಬಿಟ್ಟರು, ನವೀಕರಣದ ಸೂಚನೆಯನ್ನು ಯಾರೂ ನೋಡಲಿಲ್ಲ, ಹೆಸರು ಕೈತಪ್ಪಿತು. ಅವಧಿ ಮುಗಿದ ಡೊಮೇನ್ ಅನ್ನು ಯಾರು ಬೇಕಾದರೂ ಕೊಳ್ಳಬಹುದು. ಆದ್ದರಿಂದ ತಂಡಕ್ಕೆಂದೇ ಒಂದು ಇಮೇಲ್ ತೆರೆಯಿರಿ, ಅದರ ಪಾಸ್‌ವರ್ಡ್ ಮಾರ್ಗದರ್ಶಕ ಉಪನ್ಯಾಸಕರ ಬಳಿಯೂ ಇರಲಿ. ಗಿಟ್‌ಹಬ್‌ನಲ್ಲಿ ಯಾರದೋ ಸ್ವಂತ ಖಾತೆಯ ಬದಲು ತಂಡದ ಹೆಸರಿನ ಆರ್ಗನೈಸೇಶನ್ (ಹಲವರು ಹಂಚಿಕೊಳ್ಳುವ ಖಾತೆ) ಮಾಡಿ, ಬೇರೆ ಬೇರೆ ವರ್ಷದ ಇಬ್ಬರನ್ನು ಮಾಲೀಕರನ್ನಾಗಿಸಿ. ಮೊದಲ ವರ್ಷ ಡೊಮೇನ್ ಕೊಳ್ಳಲೇಬೇಡಿ, ಗಿಟ್‌ಹಬ್ ಕೊಡುವ ವಿಳಾಸವೇ ಸಾಕು.

ಏನು ಬರೆಯಬೇಕು ಎನ್ನುವುದು ನನಗೆ ತುಂಬ ಮುಖ್ಯ. ಹೆಚ್ಚಿನ ತಂಡಗಳು ಗೆದ್ದ ಪದಕ, ಗುಂಪು ಫೋಟೊ ಹಾಕಿ ಸುಮ್ಮನಾಗುತ್ತವೆ. ಮುಂದಿನ ವರ್ಷದ ಹುಡುಗರಿಗೆ ಬೇಕಿರುವುದು ರೋಬೊ ಏಕೆ ನಿಂತಿತು ಎಂಬ ವಿವರ. ಉದಾಹರಣೆಗೆ, ಎಲ್298ಎನ್ ಎಂಬ ಮೋಟರ್ ಡ್ರೈವರ್‌ನಲ್ಲಿ (ಮೋಟರ್‌ಗೆ ವಿದ್ಯುತ್ ಹರಿಸಿ ನಿಯಂತ್ರಿಸುವ ಬಿಡಿಭಾಗ) 1 ಆಂಪಿಯರ್ ಹರಿಯುವಾಗಲೇ ಸುಮಾರು 2 ವೋಲ್ಟ್ ನಷ್ಟವಾಗಿ ಶಾಖವಾಗುತ್ತದೆ. ಬ್ಯಾಟರಿ 7.4 ವೋಲ್ಟ್‌ನದಾದರೆ ಮೋಟರ್‌ಗೆ ಉಳಿಯುವುದೆಷ್ಟು? ಇದನ್ನು ನೀವು ಅಳೆದು, ನಷ್ಟ ಕಡಿಮೆ ಇರುವ ಮಾಸ್ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಡ್ರೈವರ್‌ಗೆ ಬದಲಾಯಿಸಿದ್ದರೆ, ಅಳತೆ, ಸರ್ಕ್ಯೂಟ್ ಚಿತ್ರ, ಬಿಡಿಭಾಗದ ಬೆಲೆ, ಕೋಡ್ ಎಲ್ಲವನ್ನೂ ದಿನಾಂಕದೊಂದಿಗೆ ಬರೆದಿಡಿ. ಕಾಲೇಜು ತಂಡಗಳ ರೋಬೊ ಸ್ಪರ್ಧೆಯಾದ ರೋಬೊಕಾನ್‌ನಂಥದ್ದರ ಆಟ ವರ್ಷವರ್ಷವೂ ಬದಲಾಗುತ್ತದೆ, ಆದರೆ ಚಕ್ರ, ಮೋಟರ್, ಬ್ಯಾಟರಿಯ ಪಾಠಗಳು ಬದಲಾಗುವುದಿಲ್ಲ.

ಒಂದು ಪುಟವಾದರೂ ಕನ್ನಡದಲ್ಲಿರಲಿ. ನಮಗೆ ಲೇತ್ ಕೆಲಸ ಮಾಡಿಕೊಟ್ಟವರು, ಅಲ್ಯೂಮಿನಿಯಂ ತುಂಡು ಕೊಟ್ಟವರು ದಾವಣಗೆರೆಯ ವರ್ಕ್‌ಶಾಪ್‌ಗಳ ಮಾಲೀಕರು. ತಾವು ಕೊಟ್ಟದ್ದು ಏನಾಯಿತೆಂದು ಅವರು ತಮ್ಮ ಮೊಬೈಲ್‌ನಲ್ಲಿ ಓದುವಂತಿರಬೇಕು. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬೆರಳಚ್ಚಿಸಿದ್ದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ; ಯೂನಿಕೋಡ್‌ನಲ್ಲೇ ಬರೆಯಿರಿ. ಪುಟದ ಭಾಷೆಯ ಸಂಕೇತವನ್ನೂ ಕನ್ನಡಕ್ಕೆ ಹೊಂದಿಸಿ, ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶಗಳಿಗೆ ಅದರಿಂದ ಅನುಕೂಲ.

ಹಸ್ತಾಂತರವನ್ನು ಬೀಳ್ಕೊಡುಗೆಯ ಗಡಿಬಿಡಿಗೆ ಬಿಡದೆ, ಅಂತಿಮ ವರ್ಷದವರು ಪ್ರಾಜೆಕ್ಟ್‌ನಲ್ಲಿ ಮುಳುಗುವ ಮೊದಲೇ ಮುಗಿಸಿ. ಎರಡನೇ ವರ್ಷದ ಒಬ್ಬರನ್ನು ಕೂರಿಸಿ, ನೀವು ಕೀಲಿಮಣೆ ಮುಟ್ಟದೆ, ಅವರಿಂದಲೇ ಒಂದು ಹೊಸ ಪುಟ ಪ್ರಕಟಿಸಿ, ಅದನ್ನು ಅವರಿಂದಲೇ ಅಳಿಸಿ ನೋಡಿ. ಎಲ್ಲಿ ತಡವರಿಸಿದರೋ ಆ ಹೆಜ್ಜೆಯನ್ನು ಅವರ ಮಾತಿನಲ್ಲೇ ರೀಡ್‌ಮಿ ಕಡತಕ್ಕೆ (ಕೋಡ್ ಜೊತೆಗಿರುವ ಸೂಚನೆಗಳ ಕಡತ) ಸೇರಿಸಲಿ.