ಕೀ ಯಾಕೆ ಎಡಗಡೆ?

ಪ್ರಶ್ನೆ: ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯ ಪೋರ್ಶೆ ಮ್ಯೂಸಿಯಂ ತೋರಿಸಿದರು. ಅಲ್ಲಿನ 911 ಕಾರಿನಲ್ಲಿ ಕೀ ಹಾಕುವ ಜಾಗ ಸ್ಟೀರಿಂಗ್‌ನ ಎಡಕ್ಕಿತ್ತು. ಮಿಕ್ಕ ಕಾರುಗಳಲ್ಲಿ ಬಲಕ್ಕಲ್ವಾ? ‘ರೇಸಿನಿಂದ ಬಂದಿದ್ದು’ ಅಂದರು ಅಳಿಯ. ನಿಜವೋ, ಸುಮ್ನೆ ಜಾಹೀರಾತೋ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇದು ಕಂಪನಿಯೇ ಹೇಳಿಕೊಂಡು ಬಂದಿರುವ ಕತೆ. ಫ್ರಾನ್ಸಿನ ಲೆ ಮಾನ್‌ನಲ್ಲಿ 24 ಗಂಟೆ ರೇಸ್ ನಡೆಯುತ್ತದಲ್ಲ, ಅಲ್ಲಿ ಹಿಂದೆ ಕಾರುಗಳನ್ನು ಟ್ರ್ಯಾಕಿನ ಒಂದು ಬದಿಗೆ ಓರೆಯಾಗಿ ನಿಲ್ಲಿಸಿ, ಡ್ರೈವರ್‌ಗಳನ್ನು ಎದುರು ಬದಿಗೆ ನಿಲ್ಲಿಸುತ್ತಿದ್ದರು. ಬಾವುಟ ಇಳಿದದ್ದೇ ತಡ, ಓಡಿ ಬಂದು ಹಾರಿ ಕೂತು ಸ್ಟಾರ್ಟ್ ಮಾಡಬೇಕು. ಜರ್ಮನಿಯ ಕಾರಿನಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ಗೇರ್ ಇರುವುದು ಬಲಕ್ಕೆ; ಎಡಗೈ ಕೀ ತಿರುಗಿಸುವಾಗಲೇ ಬಲಗೈ ಗೇರ್ ಹಾಕಿದರೆ ಒಂದೆರಡು ಕ್ಷಣ ಉಳಿಯಿತು. ವೈರ್ ಉಳಿಸೋಕೆ ಎಡಕ್ಕಿಟ್ಟರು ಅನ್ನುವವರೂ ಇದ್ದಾರೆ. ಎರಡೂ ಇದ್ದೀತು.

ಆದರೆ ಆ ಒಂದೆರಡು ಕ್ಷಣದಿಂದ ಗೆಲುವು ಸಿಗುತ್ತದಾ? 1969ರದ್ದು ಕೇಳಿ. ಹೀಗೆ ಓಡಿ ಕೂತವರಿಗೆ ಬೆಲ್ಟ್ ಕಟ್ಟಿಕೊಳ್ಳೋಕೆ ಪುರುಸೊತ್ತೆಲ್ಲಿ? ಅದನ್ನು ವಿರೋಧಿಸಿ ಜಾಕಿ ಇಕ್ಸ್ ಅನ್ನುವ ಬೆಲ್ಜಿಯಂ ಹುಡುಗ, ಎಲ್ಲರೂ ಓಡುವಾಗ ಆರಾಮಾಗಿ ನಡೆದು ಬಂದ, ಬೆಲ್ಟ್ ಕಟ್ಟಿಕೊಂಡ, ಕೊನೆಯವನಾಗಿ ಹೊರಟ. ಮೊದಲ ಸುತ್ತಿನಲ್ಲೇ ಪೋರ್ಶೆ 917 ಓಡಿಸುತ್ತಿದ್ದ ಜಾನ್ ವುಲ್ಫ್ ಅಪಘಾತದಲ್ಲಿ ತೀರಿಕೊಂಡರು. 24 ಗಂಟೆ, ಸುಮಾರು 5,000 ಕಿ.ಮೀ. ಆದ ಮೇಲೆ ಇಕ್ಸ್ ಓಡಿಸುತ್ತಿದ್ದ ಫೋರ್ಡ್ ಗೆದ್ದಿತು. ಸೋತಿದ್ದು ಯಾರು ಗೊತ್ತಾ? ಪೋರ್ಶೆಯ ಹಾನ್ಸ್ ಹೆರ್ಮಾನ್, ಅದೂ ಬರೀ 120 ಮೀಟರ್ ಅಂತರದಲ್ಲಿ. ಮರುವರ್ಷ ಹೀಗೆ ಓಡಿ ಬಂದು ಕೂರುವ ಪದ್ಧತಿ ನಿಂತಿತು, ಎಲ್ಲರೂ ಬೆಲ್ಟ್ ಹಾಕಿ ಕೂತೇ ಹೊರಟರು.

ಆ ವರ್ಷವೇ ಹೆರ್ಮಾನ್ ಮತ್ತು ರಿಚರ್ಡ್ ಆಟ್‌ವುಡ್ 917ರಲ್ಲಿ ಗೆದ್ದರು. 1951ರಲ್ಲೇ ಸಣ್ಣ ಎಂಜಿನ್ನಿನ ವಿಭಾಗ ಗೆದ್ದಿದ್ದ ಕಂಪನಿಗೆ ಒಟ್ಟಾರೆ ಮೊದಲ ಸ್ಥಾನ ಸಿಕ್ಕಿದ್ದು ಆಗ. ಈಗ 19 ಗೆಲುವು, ಅಷ್ಟು ಬೇರೆ ಯಾರಿಗೂ ಇಲ್ಲ. ಗೆದ್ದರೆ ರೇಸ್ ಬಿಡ್ತೀನಿ ಅಂತ ಹೆಂಡತಿಗೆ ಮಾತು ಕೊಟ್ಟಿದ್ದ ಹೆರ್ಮಾನ್ ಅಲ್ಲಿಗೇ ನಿವೃತ್ತರಾದರು. (ನಮ್ಮಲ್ಲಿ ಎಷ್ಟು ಜನ ಇಂಥ ಮಾತು ಉಳಿಸಿಕೊಂಡಾರು!)

ರೇಸಿನಿಂದ ರಸ್ತೆಗೆ ನಿಜಕ್ಕೂ ಇಳಿದು ಬಂದದ್ದು ಬೇಕಾದರೆ ಪೋರ್ಶೆಯ ಪಿಡಿಕೆ ಅನ್ನುವ ಗೇರ್‌ಬಾಕ್ಸ್ ನೋಡಿ. ಎರಡು ಕ್ಲಚ್. 1, 3, 5ನೇ ಗೇರ್ ಒಂದರ ಕಡೆ, 2, 4, 6 ಇನ್ನೊಂದರ ಕಡೆ. ನೀವು ಮೂರರಲ್ಲಿರುವಾಗಲೇ ನಾಲ್ಕು ರೆಡಿಯಾಗಿರುತ್ತದೆ, ಒಂದು ಕ್ಲಚ್ ಬಿಡುವಾಗಲೇ ಇನ್ನೊಂದು ಹಿಡಿಯುತ್ತದೆ, ಹಾಗಾಗಿ ಎಳೆತ ಕಡಿಮೆಯಾಗುವುದೇ ಇಲ್ಲ. 1980ರ ದಶಕದಲ್ಲಿ 956, 962 ರೇಸ್ ಕಾರುಗಳಲ್ಲಿ ಪರೀಕ್ಷಿಸಿದ್ದರು. ಆಗ ಅದು ಭಾರ ಜಾಸ್ತಿ, ಎಲೆಕ್ಟ್ರಾನಿಕ್ಸ್ ಕೂಡ ಸಾಲದು. 911ಕ್ಕೆ ಬರಲು 2008 ಆಯಿತು.

ಇನ್ನು ಜಾಹೀರಾತಿನ ಮಾತು. ಈಚಿನ 911ರಲ್ಲಿ ತಿರುಗಿಸುವ ಕೀಯೇ ಇಲ್ಲ, ಒತ್ತುವ ಬಟನ್ ಬಂದಿದೆ. ಅದನ್ನೂ ಎಡಕ್ಕೇ ಇಟ್ಟಿದ್ದಾರೆ!